ಊರಿಗೆ ಹೋಗದ ಟೀಚರ್

ಅವರ ಬಲ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ಡಸ್ಟರ್ ಇದ್ದರೂ ಬೋರ್ಡಿನ ಮೇಲಿನ ನೀಲಿ ಮಾರ್ಕರಿನ ಬರಹವನ್ನು ಕೈಯಲ್ಲೇ ಒರೆಸುವ ಅಭ್ಯಾಸ ಅವರದು. ಆಮೇಲೆ ಅದೇ ಕೈಯಲ್ಲಿ ಮಕ್ಕಳ ಕೆನ್ನೆ ಸವರುವರು. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ನಮ್ಮ ಶನಿವಾರದ ಕನ್ನಡ ಶಾಲೆಯಿಂದ ಬಂದ ಮಗಳ ಮುಖ ತೊಳೆಸುವುದೇ ನನಗೊಂದು ಕೆಲಸವಾಗಿತ್ತು.

ಟೀಚರ್ ಧಾರವಾಡದವರು. ಸಂಬಳವಿಲ್ಲದ ಈ ಶಾಲೆಗೆ ಗಾಳಿ ಮಳೆ ಎನ್ನದೆ ಸೈಕಲ್ ತುಳಿದು ಬರುತ್ತಿದ್ದರು. ಕೇಳಿದ್ದಕ್ಕೆಲ್ಲ ಡಚ್ಚಿನಲ್ಲಿ ಉತ್ತರಿಸುವ ನಮ್ಮ ಮಕ್ಕಳನ್ನು ಒಮ್ಮೆಯೂ ಗದರಿದವರಲ್ಲ. "ತಪ್ಪಾದ್ರ ಆಗ್ಲವಾ, ಗಟ್ಟಿಯಾಗಿ ಹೇಳು" ಎನ್ನುವರು. ನನ್ನ ಮಗಳು ಫೋನಿನಲ್ಲಿ "ಅಜ್ಜಿ, ಊಟ ಆಯ್ತಾ" ಎಂದು ಮೊದಲ ಸಲ ಕೇಳಿದ್ದು ಅವರ ದೆಸೆಯಿಂದ.

ಅಂಥವರು ಒಂದು ಚಳಿಗಾಲ ಊಟ ಬಿಟ್ಟರು, ಮಾತು ಬಿಟ್ಟರು. ಗೋಡೆಗೆ ಮುಖ ಮಾಡಿ ಕೂತು ಯಾರಿಗೋ ಉತ್ತರ ಕೊಡುತ್ತಿದ್ದರು. ಒಂದು ಸಂಜೆ ಕಾಲುವೆಯ ಅಂಚಿನಿಂದ ಅವರನ್ನು ಎಳೆದು ತಂದವಳು ನಾನೇ. ಮರುದಿನ ಡಾಕ್ಟರು ಮಾನಸಿಕ ಆಸ್ಪತ್ರೆಗೆ ಬರೆದುಕೊಟ್ಟರು. ನಾನಿದ್ದರೆ ಮಾತ್ರ ಕಾರು ಹತ್ತುತ್ತಾರೆಂದು ಅವರ ಗಂಡ ನನ್ನನ್ನೂ ಕರೆದೊಯ್ದರು.

ಮುತ್ತಜ್ಜನ ಕಾಲದ ಕೆಂಪು ಇಟ್ಟಿಗೆಯ ಕಟ್ಟಡ, ಕೈಗೆಟುಕದ ಕಿಟಕಿಗಳು. ಹಿಂದೆ ಹುಚ್ಚರನ್ನು ಕೂಡಿಹಾಕಲೆಂದೇ ಕಟ್ಟಿಸಿದ್ದಂತೆ. "ಇಲ್ಲಿ ಸೇರಿಸಿದ್ದು ಗೊತ್ತಾದ್ರ ಮಂದಿ ಏನಂದಾರು" ಎಂದು ಗಂಡ ಬಾಗಿಲಲ್ಲೇ ನಿಂತರು. ಹೆಂಡತಿ ನನ್ನ ತೋಳು ಬಿಡದೆ ನಿಂತಿದ್ದರೆ ಈ ಮನುಷ್ಯನಿಗೆ ಮಂದಿಯ ಚಿಂತೆ.

ಒಳಗೆ ವೈದ್ಯೆ ಟೀಚರನ್ನು ಕೇಳಿದ ಪ್ರತಿ ಪ್ರಶ್ನೆಗೂ ಗಂಡನದೇ ಇಂಗ್ಲಿಷ್ ಉತ್ತರ. ನಿದ್ದೆ ಸಾಲದು, ಅಷ್ಟೆ. ದನಿಗಿನಿ ಏನೂ ಕೇಳಿಸುವುದಿಲ್ಲ. ನಾನು ಕಾಲುವೆಯ ವಿಷಯ ಎತ್ತಿದರೆ, ವಾಕಿಂಗ್ ಹೋಗಿದ್ದಳು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ವಾಪಸು ಹೋದರೆ ಟೀಚರ್ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಅವರ ಕೈ ಹಿಡಿದು, "ಟೀಚರ್, ತಪ್ಪಾದ್ರೆ ಆಗ್ಲಿ, ಗಟ್ಟಿಯಾಗಿ ಹೇಳಿ" ಎಂದೆ. ಆ ಅಂಗೈಯಲ್ಲಿ ಅಂದು ಬಣ್ಣವೇ ಇರಲಿಲ್ಲ.

ಅವರು ವೈದ್ಯೆಯ ಕಡೆ ತಿರುಗಿ, "ನೀ ಇರಬ್ಯಾಡ, ಹೋಗು ಅಂತ ಕಿವ್ಯಾಗ ಯಾರೋ ಹೇಳ್ತಾರ. ನನಗ ಹೋಗೂ ಮನಸ್ಸಿಲ್ಲ. ಇಲ್ಲೇ ಇಟ್ಕೊಳ್ರಿ" ಎಂದರು. ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸೇರಿಸಿಕೊಂಡರು.

ಆ ವಾರವೇ, ಶಾಲೆ ನಡೆಸುವ ನಮ್ಮ ಕನ್ನಡ ಸಂಘದ ವಾಟ್ಸಾಪಿನಲ್ಲಿ, ಟೀಚರ್ ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಿದ್ದಾರೆ ಎಂದು ಅಧ್ಯಕ್ಷರು ಹಾಕಿದರು. ಗಂಡ ಹೇಳಿಕೊಟ್ಟ ಸುಳ್ಳು. ಅಧ್ಯಕ್ಷರಿಗೆ ನಿಜ ಗೊತ್ತಿತ್ತು. ಅದರ ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ಟೀಚರ್ ಇದ್ದದ್ದು ಬಸ್ಸು ಹತ್ತಿದರೆ ಅರ್ಧ ಗಂಟೆಯ ದೂರದಲ್ಲಿ.

ಯುಗಾದಿ ಹೊತ್ತಿಗೆ ಗುಣವಾಗಿ ಬಂದರು. ಹಬ್ಬದೂಟದ ಸಾಲಿನಲ್ಲಿ ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ, "ಊರಿಂದ ಯಾವಾಗ ಬಂದ್ರಿ ಟೀಚರ್? ಅಮ್ಮ ಹೇಗಿದಾರೆ?" ಎಂದರು.

"ನಮ್ಮವ್ವ ತೀರಿ ಭಾಳ ವರ್ಷಾತ್ರಿ. ನಾ ಇಲ್ಲೇ ಹುಚ್ಚಾಸ್ಪತ್ರ್ಯಾಗಿದ್ದೆ. ಈಕಿನ್ನ ಬಿಟ್ಟು ಯಾರೂ ಬರಲಿಲ್ಲ" ಎಂದು ನನ್ನ ಕಡೆ ತೋರಿಸಿ, ಟೀಚರ್ ಹೋಳಿಗೆಗೆ ತಟ್ಟೆ ಚಾಚಿದರು.

ಮುಂದಿನ ಶನಿವಾರ ಶಾಲೆಗೆ ಬೇರೆ ಟೀಚರ್. ಮಕ್ಕಳ ಹಿತದೃಷ್ಟಿಯಿಂದಂತೆ. ಯಾವ ಮಕ್ಕಳು, ಯಾವ ಹಿತ? ನಾನು ಕೂಗಾಡಿ ಬಂದೆ. ನಮ್ಮ ಟೀಚರ್ ಜಗಳಕ್ಕೆ ನಿಲ್ಲದೆ ನಮ್ಮ ಅಡುಗೆಮನೆಯ ಮೇಜಿನಲ್ಲಿ ಮಗಳಿಗೆ ಪಾಠ ಮುಂದುವರಿಸಿದರು. ಇವತ್ತು ಅವಳು ಅಜ್ಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ.

ಹೋದ ವರ್ಷ ಟೀಚರ್ ಹೃದಯಾಘಾತದಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಅಧ್ಯಕ್ಷರು ಕನ್ನಡದ ಸೇವೆ, ತ್ಯಾಗ ಎಂದು ಬಹಳ ಹೊತ್ತು ಮಾತಾಡಿದರು. ಮೈಕನ್ನು ನನ್ನ ಕೈಗೆ ಕೊಡುವಾಗ, "ಆ ವಿಷಯ ಮಾತ್ರ ಬೇಡ ಮೇಡಂ" ಎಂದು ಪಿಸುಗುಟ್ಟಿದರು.

ಸಿಟ್ಟಿಗೆ ನನ್ನ ಮಾತು ತಡವರಿಸಿತು, ವಾಕ್ಯಗಳು ಎಲ್ಲೆಲ್ಲೋ ತಪ್ಪಿದವು. ಆದರೆ ಆ ಆಸ್ಪತ್ರೆಯ ಹೆಸರನ್ನೂ ಅಲ್ಲಿಗೆ ಹೋಗುವ ಬಸ್ಸಿನ ನಂಬರನ್ನೂ ಗಟ್ಟಿಯಾಗಿಯೇ ಹೇಳಿದೆ.