ನಿಂಬೆ ಪಂಡಿತ ಎಳೆದ ಕಂದು ಗೆರೆ

ಇಸ್ತ್ರಿ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ನಿಂಬೆ ಪಂಡಿತ. ಮೇಜಿನ ಮೂಲೆಯಲ್ಲಿ ಬಟ್ಟಲು ತುಂಬ ನಿಂಬೆಹಣ್ಣು ಇಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಬಟ್ಟೆಗೆ ಕಾದು ನಿಂತವರಿಗೆ ಪುಕ್ಕಟೆ ಪಾಠ: ಹಿಂಡುವ ಮೊದಲು ಅಂಗೈಯಡಿ ಉರುಳಿಸಿದರೆ ರಸ ಹೆಚ್ಚು ಬರುತ್ತದೆ, ಅರ್ಧ ಹೋಳನ್ನು ಉಪ್ಪಿನಲ್ಲಿ ಅದ್ದಿ ಉಜ್ಜಿದರೆ ತಾಮ್ರದ ಚೊಂಬು ಫಳಫಳ, ತುಕ್ಕಿನ ಕಲೆಗೆ ರಸ ಹಚ್ಚಿ ಬಿಸಿಲಿಗಿಟ್ಟರೆ ಕಲೆ ಹೇಳಹೆಸರಿಲ್ಲದಂತೆ ಮಾಯ.

"ಹಲ್ಲುನೋವು, ಸೊಂಟನೋವು, ಎಲ್ಲಕ್ಕೂ ನಿಂಬೆಹಣ್ಣೇ ಕೊಟ್ಬಿಡಪ್ಪಾ" ಎಂದು ಅವನ ಅತ್ತಿಗೆ ಹಿತ್ತಲಿನಿಂದಲೇ ಕಾಲೆಳೆಯುತ್ತಿದ್ದಳು.

ಒಗೆಯುವುದು ಅತ್ತಿಗೆಯ ಕೆಲಸ, ಇಪ್ಪತ್ತು ವರ್ಷದಿಂದ. ಬಿಳಿ ಬಟ್ಟೆಗೆ ಅವಳ ಕೈಯೇ ಆಗಬೇಕು ಎನ್ನುವ ಗಿರಾಕಿಗಳಿದ್ದರು.

ಮೂರು ತಿಂಗಳ ಹಿಂದೆ ನರ್ಸಮ್ಮನ ಬಿಳಿ ಕೋಟಿನ ಕಾಲರಿಗೆ ತುಕ್ಕು ಹತ್ತಿತ್ತು. ಅತ್ತಿಗೆ ಒಗೆದ ಮೇಲೂ ಹೋಗದ ಕಲೆಯನ್ನು ಅವನು ನಿಂಬೆರಸದಿಂದ ತೆಗೆದ. ನರ್ಸಮ್ಮ ಅವಸರ ಮಾಡುತ್ತಿದ್ದಳು. ಮತ್ತೆ ನೀರಿಗೆ ಹಾಕದೆ ಇಸ್ತ್ರಿ ಎಳೆದ. ಕಾಲರಿನುದ್ದಕ್ಕೂ ಕಂದು ಗೆರೆ ಎದ್ದಿತು.

"ಸೋಪು ಹೋಗೋ ಹಾಗೆ ಜಾಲಿಸಿಲ್ಲ ನೀವು! ಕಣ್ಣು ಎಲ್ಲಿಟ್ಟಿರ್ತೀರಾ ಅತ್ತಿಗೆ?" ಎಂದು ಗಿರಾಕಿಗಳ ಎದುರೇ ಕೂಗಾಡಿದ.

ಅತ್ತಿಗೆ ಆ ಕಾಲರನ್ನು ಕೈಗೆತ್ತಿಕೊಂಡು ನೋಡಿ, ಹಿತ್ತಲಿಗೆ ನಡೆದಳು. ಮರುದಿನದಿಂದ ಬಿಳಿ ಬಟ್ಟೆಯೆಲ್ಲ ಬೇರೆಯವರ ಕೈಗೆ ಹೋಯಿತು. ಅವಳಿಗೆ ಉಳಿದದ್ದು ಪರದೆ, ಹೊದಿಕೆ, ಕಾಲೊರಸು. ಹಿತ್ತಲಿನಿಂದ ಬರುತ್ತಿದ್ದ ತಮಾಷೆಯೂ ನಿಂತುಹೋಯಿತು.

ಒಂದು ದಿನ ಮಧ್ಯಾಹ್ನ ಶಾಲೆಯ ಟೀಚರ್ ಖಾಲಿ ಹಾಳೆಯೊಂದನ್ನು ತಂದಳು. "ಇದರ ಮೇಲೆ ಒಂಚೂರು ಇಸ್ತ್ರಿ ಆಡಿಸಿ ಅಣ್ಣಾ. ನಾಳೆ ಕ್ಲಾಸಲ್ಲಿ ತೋರಿಸ್ಬೇಕು, ಆಗುತ್ತೋ ಇಲ್ವೋ ನೋಡೋಣ."

ಆಡಿಸಿದ. 'ನಮಸ್ಕಾರ' ಎಂಬ ಕಂದು ಅಕ್ಷರಗಳು ಒಂದೊಂದಾಗಿ ಮೂಡಿದವು.

"ನಿಂಬೆರಸದಲ್ಲಿ ಬರೆದಿದ್ದೆ. ಒಣಗಿದ್ರೆ ಕಾಣಲ್ಲ, ಬಿಸಿ ತಾಗಿದ್ರೆ ಕಂದಾಗುತ್ತೆ. ಪಂಡಿತರಿಗೆ ಇದೊಂದು ಗೊತ್ತಿರ್ಲಿಲ್ವಾ?"

ಆ ಬಣ್ಣ ಅವನಿಗೆ ಗೊತ್ತಿತ್ತು. ಹಾಳೆ ಹಿಡಿದುಕೊಂಡೇ ಹಿತ್ತಲಿಗೆ ಹೋದ. ಅತ್ತಿಗೆ ಕಾಲೊರಸು ಹಿಂಡುತ್ತಿದ್ದಳು.

"ಆ ಕೋಟು... ಅದು ನಾನೇ ಅತ್ತಿಗೆ. ನಿಂಬೆರಸ ತೊಳೀದೆ ಇಸ್ತ್ರಿ ಹಾಕ್ದೆ."

"ಗೊತ್ತು. ಕಾಲರು ಕೈಗೆ ಬಂದಾಗ್ಲೇ ನಿಂಬೆ ವಾಸನೆ ಹೊಡೀತಿತ್ತು."

"ಆವತ್ತೇ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ?" ಅವಳು ಕಾಲೊರಸು ಕೊಡವಿದಳು. "ಕೂಗಾಡಿದ್ದು ಬೀದಿಗೆಲ್ಲ ಕೇಳೋ ಹಾಗೆ. ಈಗ ನನ್ನ ಕಿವೀಲಿ ಬಂದು ಉಸುರಿದ್ರೆ ಏನು ಬಂತು?"

ಸಂಜೆ ನರ್ಸಮ್ಮ ಬಂದಾಗ ಮೇಜಿನ ಮುಂದೆ ಐದಾರು ಜನ ನಿಂತಿದ್ದರು. ಅವನು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟ. ತಲೆ ಎತ್ತಲಾಗಲಿಲ್ಲ. "ನರ್ಸಮ್ಮಾ, ನಿಮ್ಮ ಕೋಟು ಕೆಡಿಸಿದ್ದು ನಾನು. ಅತ್ತಿಗೆ ಅಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಕೇಳಿಸ್ಲಿಲ್ಲ ಪಂಡಿತಾ, ಜೋರಾಗಿ ಹೇಳು!" ಹಿತ್ತಲಿನಿಂದ ಅತ್ತಿಗೆಯ ದನಿ.

ಅವನು ತಲೆ ಎತ್ತಿ, ಬೀದಿಗೆ ಕೇಳುವಂತೆ, ಇನ್ನೊಮ್ಮೆ ಹೇಳಿದ.