ತಿರುಗಿ ಕೊಡದ ಬನ್ನಿ

ರಾಯಚೂರಿನ ಆ ಆಸ್ಪತ್ರೆ ಕ್ವಾರ್ಟರ್ಸಿನ ಸಾಲಿನಲ್ಲಿ ಉಮಾದೇವಿ ಸಿಸ್ಟರ್ ಬಗ್ಗೆ ಮಂದಿ ಎರಡು ಮಾತು ಆಡುತ್ತಿದ್ದರು. ಒಂದು, "ಆಕಿ ಕೈಗೆ ಬಿದ್ದ ಕೂಸು ಅಳಲಾರದ ಉಳಿದಿಲ್ಲ ನೋಡ್ರಿ." ಇನ್ನೊಂದು, "ಎಲ್ಲಾ ಖರೆ, ಆದ್ರ ಸಂಜಿ ಆರು ಹೊಡದ್ರ ದೇವ್ರು ಬಂದು ಕರದ್ರೂ ಆಕಿ ಬಾಗಲಾ ತೆರಿಯಂಗಿಲ್ಲ. ಡಬ್ಬಿ ಹಿಡಕೊಂಡು ಕುಂತಾಳಂದ್ರ ಮುಗೀತು!"

ಡಬ್ಬಿ ಎಂದರೆ ಅಂಗೈ ಅಗಲದ, ಪುಸ್ತಕದಂತೆ ಮಡಚುವ ವಿಡಿಯೋ ಗೇಮ್. ಅರವತ್ತಕ್ಕೆ ಬಂದ ಹೆಂಗಸು ಕಡ್ಡಿ ಹಿಡಿದು ಅದರ ಪರದೆ ಕುಟ್ಟುವುದನ್ನು ಕಿಟಕಿಯಿಂದ ನೋಡಿದವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಗದಿದ್ದವಳು ಪಕ್ಕದ ಮನೆಯ ಆಯಾ ಸರ್ವರಿ ಬೇಗಂ ಒಬ್ಬಳೇ. ಯಾಕೆಂದರೆ ಆ ಡಬ್ಬಿಯ ಕಥೆ ಅವಳ ಮನೆಯಿಂದಲೇ ಶುರುವಾಗಿದ್ದು.

ಹನ್ನೊಂದು ವರ್ಷದ ಹಿಂದೆ ಸರ್ವರಿಯ ತಮ್ಮ ಇನಾಯತ್ ಸೌದಿಯಿಂದ ಬರುವಾಗ ಅಂಥ ಎರಡು ಡಬ್ಬಿ ತಂದಿದ್ದ. ಉಮಾದೇವಿ ಎರಡನ್ನೂ ಕೊಂಡಳು. ಕೆಂಪನ್ನು ತಾನಿಟ್ಟುಕೊಂಡು, ನೀಲಿಯನ್ನು ದೇವದುರ್ಗದಲ್ಲಿ ಟೀಚರಾಗಿದ್ದ ತಂಗಿ ಮೌನೇಶ್ವರಿಗೆ ಕಳಿಸಿದಳು. ಆ ಆಟದಲ್ಲಿ ಸೋಲಿಲ್ಲ, ಗೆಲುವಿಲ್ಲ. ಆಡುವವರಿಗೆ ಒಂದೊಂದು ಊರು. ಗಿಡ ಹಚ್ಚಬೇಕು, ನೀರು ಹಾಕಬೇಕು. ಊರಿಗೊಂದು ಅಗಸಿ, ಅಂದರೆ ಊರಬಾಗಿಲು. ಅಗಸಿ ತೆರೆದು ಕೂತರೆ, ದೂರದಲ್ಲಿ ಇನ್ನೊಂದು ಡಬ್ಬಿ ಹಿಡಿದವರು ಗೊಂಬೆಯ ರೂಪದಲ್ಲಿ ಬಂದು ಹೋಗಬಹುದು. ಕವಿತಾಳ, ಪೋತ್ನಾಳ ಅಂತ ಊರೂರು ತಿರುಗಿ ಹೆರಿಗೆ ಮಾಡಿಸಿ, ಅಪ್ಪನಿಲ್ಲದ ತಂಗಿಯನ್ನು ಓದಿಸಿದವಳು ಉಮಾದೇವಿ. ದಿನಾ ಸಂಜೆ ಆರಕ್ಕೆ ಅಕ್ಕತಂಗಿಯರು ಹೀಗೆ ಕೂಡುತ್ತಿದ್ದರು.

ಮೂರು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ತಾಯಿ ಮೂಕಮ್ಮ ದೇವದುರ್ಗದಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಉಮಾದೇವಿಯ ಕೈಯಲ್ಲಿ ಅಡ್ಡ ತಿರುಗಿದ ಕೂಸಿನ ಬಸುರಿ. ಬಿಟ್ಟು ಬಂದರೆ ಎರಡು ಜೀವ ಹೋಗುತ್ತಿದ್ದವು. ಕೆಲಸ ಮುಗಿಸಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮಂದಿ ಕೈಕಾಲು ತೊಳೆಯುತ್ತಿದ್ದರು.

"ಒಂದ್ ಹಿಡಿ ಮಣ್ಣ ಹಾಕಾಕರ ಬಿಡಬಾರದಿತ್ತೇನಬೇ ನನಗ?" ಎಂದು ಉಮಾದೇವಿ ತಂಗಿಯ ಮೇಲೆ ಹರಿಹಾಯ್ದಳು.

"ಊರ ಮಂದಿ ಹೆರಿಗಿ ಮಾಡಾಕ ನಿನಗ ಹೊತ್ತದ, ಹಡದಾಕಿಗಿ ಹೊತ್ತಿಲ್ಲ!"

"ಇನ್ನ ಮ್ಯಾಲ ನಿನ್ನ ಜೋಡಿ ಬಾಯಿ ಬಿಟ್ಟು ಮಾತಾಡಿದ್ರ ನಾ ಮೂಕಮ್ಮನ ಮಗಳ ಅಲ್ಲ!" ಎಂದಳು ಅಕ್ಕ.

"ನಾನೂ ಅಲ್ಲ, ಹೋಗ!"

ಹಸಿ ಗೋರಿಯ ಮುಂದೆ ಮಾಡಿದ ಆಣೆ. ಫೋನಿಲ್ಲ, ಪತ್ರವಿಲ್ಲ. ಆದರೆ ಆ ದಸರೆಯ ಸಂಜೆ ಆರಕ್ಕೆ ಉಮಾದೇವಿಯ ಅಗಸಿಯಲ್ಲಿ ತಂಗಿಯ ಗೊಂಬೆ ಬಂದು ನಿಂತಿತು. ಅಕ್ಕನ ಗೊಂಬೆಯ ಕಾಲ ಬಳಿ ಒಂದು ಎಲೆ ಇಟ್ಟಿತು. ಬನ್ನಿ! ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನಬೇಕು, ಹಿರಿಯರು ತೆಗೆದುಕೊಂಡು ತಿರುಗಿ ಬನ್ನಿ ಕೊಡಬೇಕು. ಉಮಾದೇವಿ ಒಂದೆಲೆ ತಿರುಗಿ ಇಟ್ಟಳು. ಬಾಯಿಗೆ ಹಾಕಿದ ಆಣೆ ಬಾಯಲ್ಲೇ ಉಳಿಯಿತು. ಕೈ ತನ್ನ ಮಾತು ಆಡಿಕೊಂಡಿತು. ಮರುದಿನದಿಂದ ಆರರ ಭೇಟಿ ಮತ್ತೆ ಶುರುವಾಯಿತು. ಹೀಗೆ ಏಳು ದಸರೆ.

ಎಂಟನೆಯ ದಸರೆಯ ದಿನ ಗಬ್ಬೂರಿನ ಸಂಬಂಧಿಕನೊಬ್ಬ ಬಂದು, "ಅಕ್ಕ ಹೊತ್ತಿಗಿ ಬಂದಿದ್ರ ಅವ್ವ ಉಳೀತಿದ್ಲು ಅಂತ ನಿಮ್ಮ ತಂಗಿ ಅಂದ್ಲಂತ" ಎಂದು ಉಪ್ಪು ಸುರಿದು ಹೋದ. ಖರೆಯೋ ಸುಳ್ಳೋ ಯಾರು ಬಲ್ಲರು? ಆರಕ್ಕೆ ತಂಗಿ ಬಂದು ಎಲೆ ಇಟ್ಟಳು. ಉಮಾದೇವಿ ಎಲೆ ಎತ್ತಿಕೊಂಡಳು, ತಿರುಗಿ ಕೊಡಲಿಲ್ಲ. ತಂಗಿ ಇನ್ನೂ ನಿಂತಿದ್ದಂತೆಯೇ ಡಬ್ಬಿ ಪಟಕ್ಕನೆ ಮುಚ್ಚಿದಳು.

ಮರುದಿನದಿಂದ ಮೌನೇಶ್ವರಿ ಬರಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಉಮಾದೇವಿ ದಿನಾ ಆರಕ್ಕೆ ಅಗಸಿ ತೆರೆದು ಏಳಕ್ಕೆ ಮುಚ್ಚುತ್ತಿದ್ದಳು. ತೆಗೆದುಕೊಂಡ ಬನ್ನಿ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಅಷ್ಟರಲ್ಲಿ ಇನಾಯತ್ ಸುದ್ದಿ ಹೇಳಿದ. ಕಂಪನಿ ಆ ಡಬ್ಬಿ ಮಾಡುವುದು ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು. ಈಗ ಯುಗಾದಿಯ ನಸುಕಿಗೆ ಡಬ್ಬಿ ಡಬ್ಬಿಗಳ ನಡುವಿನ ನಂಟನ್ನೂ ಕಡಿಯುತ್ತಾರಂತೆ. ಆಟ ಉಳಿಯುತ್ತದೆ, ಊರು ಉಳಿಯುತ್ತದೆ. ಅಗಸಿ ಮಾತ್ರ ಇನ್ನೆಂದೂ ತೆರೆಯದು.

ಉಮಾದೇವಿ ನಿವೃತ್ತಳಾಗಿ ಕ್ವಾರ್ಟರ್ಸ್ ಖಾಲಿ ಮಾಡಬೇಕಾದದ್ದೂ ಆ ಯುಗಾದಿಗೇ. ಮಾನ್ವಿಯಲ್ಲಿ ಎರಡು ಖೋಲಿಯ ಸ್ವಂತ ಮನೆ ಕಾಯುತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಸಾಮಾನೆಲ್ಲ ಟೆಂಪೋದಲ್ಲಿ ಮಾನ್ವಿಗೆ ಹೋಯಿತು. ಉಳಿದದ್ದು ಒಂದು ಚಾಪೆ, ಒಂದು ಕೈಚೀಲ, ಕೆಂಪು ಡಬ್ಬಿ. ಕಡೆಯ ಸಂಜೆ, ಸುದ್ದಿ ಮುಟ್ಟಿದ್ದರೆ ತಂಗಿಯೂ ಬಂದಾಳು ಎಂದುಕೊಂಡು ಐದಕ್ಕೇ ಡಬ್ಬಿ ತೆರೆದಳು. ಮೂಲೆಯಲ್ಲಿ ಕೆಂಪು ದೀಪ ಮಿಟುಕುತ್ತಿತ್ತು. ಬ್ಯಾಟರಿ ತಳ ಕಂಡಿದೆ. ಚಾರ್ಜರಿಗೆ ಕೈಚೀಲ ತಡಕಿದಳು. ಚೀಲ ತಲೆಕೆಳಗು ಮಾಡಿ ಕೊಡವಿದಳು. ಆಮೇಲೆ ನೆನಪಾಯಿತು: ಅದು ಟ್ರಂಕಿನಲ್ಲಿ, ಟ್ರಂಕು ಮಾನ್ವಿಯಲ್ಲಿ.

"ನನ್ನ ಫೋನಿಂದು ಹಾಕಿ ನೋಡ್ರಿ, ಸಿಸ್ಟರ್," ಎಂದು ಸರ್ವರಿ ಓಡಿ ಬಂದಳು.

"ಅದರ ಬಾಯೇ ಬ್ಯಾರೆ ಅದ ಬೇ. ಕೂಡಂಗಿಲ್ಲ."

"ಬಜಾರಿನ್ಯಾಗ ಸಿಗಲಿಕ್ಕಿಲ್ಲೇನು?"

"ಡಬ್ಬೀನ ಮಾಡೂದು ಬಿಟ್ಟಾರ, ಚಾರ್ಜರ್ ಯಾವಾಂವ ಇಟ್ಟಿರತಾನ?"

ಡಬ್ಬಿ ಆರಿಸಿದಳು. ಬ್ಯಾಟರಿ ಉಳಿಸಬೇಕು, ಆರಕ್ಕೇ ಹಚ್ಚಬೇಕು. ಆರಕ್ಕೆ ಐದು ನಿಮಿಷವಿದ್ದಾಗ ಸಾಲಿನ ಕರೆಂಟೇ ಹೋಯಿತು. ಡಬ್ಬಿಗೆ ನಂಟು ಕೊಡುತ್ತಿದ್ದ ಸರ್ವರಿ ಮನೆಯ ವೈಫೈ ಸತ್ತಿತು.

"ಯಾ ಅಲ್ಲಾ! ಇವತ್ತ ಹೋಗಬೇಕಿತ್ತೇನ್ ಇದು?" ಸರ್ವರಿ ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದಳು. "ಬರಕೊಳ್ರಿ ಪಾಸ್‌ವರ್ಡ್. ಲಗೂನ!"

ಉಮಾದೇವಿ ಕಡ್ಡಿ ಹಿಡಿದು ಒಂದೊಂದೇ ಅಕ್ಷರ ಕುಟ್ಟಿದಳು. ಒಂದಕ್ಷರ ತಪ್ಪಿತು. ಮತ್ತೆ ಮೊದಲಿಂದ. ಕೆಂಪು ದೀಪ ಮಿಟುಕುತ್ತಲೇ ಇತ್ತು. ಆರೂ ಹತ್ತಕ್ಕೆ ಅಗಸಿ ತೆರೆಯಿತು. ಉಮಾದೇವಿಯ ಗೊಂಬೆ ಎಲೆ ಹಿಡಿದು ನಿಂತಿತು.

ಹದಿನೈದು. ಹದಿನೆಂಟು. ಯಾರೂ ಇಲ್ಲ.

"ಬರ್ತಾಳೇನ್ರಿ?"

"ಸುಮ್ಕಿರಬೇ."

ಆರೂ ಇಪ್ಪತ್ತಕ್ಕೆ ಪರದೆಯ ಮೂಲೆಯಲ್ಲಿ ತಂಗಿಯ ಹೆಸರಿನ ಮುಂದೆ ದೀಪ ಹತ್ತಿತು. ಅಗಸಿಯ ಕದ ಸರಿಯಿತು. ನೀಲಿ ಸೀರೆಯ ಪುಟ್ಟ ಗೊಂಬೆ ಒಳಗೆ ಬಂತು. ಮೊದಲಿನಂತೆ ಓಡಿ ಬರಲಿಲ್ಲ. ಅಗಸಿಯಲ್ಲೇ ನಿಂತಿತು, ಒಂದು ಹೆಜ್ಜೆ ಇಟ್ಟಿತು, ಮತ್ತೆ ನಿಂತಿತು. ಉಮಾದೇವಿ ತನ್ನ ಗೊಂಬೆಯನ್ನು ನಡೆಸಿದಳು. ಇನ್ನು ನಾಲ್ಕು ಹೆಜ್ಜೆ. ಮೂರು. ಎಲೆ ಇಡಲು ಬೆರಳೆತ್ತಿದಳು.

ಪರದೆ ಕಪ್ಪಾಯಿತು.

ಒತ್ತಿದಳು, ಒರೆಸಿದಳು, ಎದೆಗೆ ಒತ್ತಿ ಬೆಚ್ಚಗೆ ಮಾಡಿದಳು. ಸತ್ತದ್ದು ಸತ್ತಿತ್ತು. ಗಾಜಿನಲ್ಲಿ ಅವಳದೇ ಮುಖ.

"ಆಯ್ತಲ್ಲ ಬಿಡ್ರಿ, ಬಂದಿದ್ಲಲ್ಲ," ಎಂದಳು ಸರ್ವರಿ ಮೆಲ್ಲಗೆ.

"ಏನಾಯ್ತು? ಆಕೀಗಿ ಬ್ಯಾಟರಿ ಹೋಗಿದ್ದು ಕಾಣ್ತದೇನು? ಅಕ್ಕ ಎಲಿ ಹಿಡಕೊಂಡು ನಿಂತಿದ್ಲು, ನಾ ಬಂದ ಕೂಡಲೆ ಮತ್ತ ಮಕಾದ ಮ್ಯಾಲ ಬಾಗಲಾ ಬಡದ್ಲು ಅಂತಾಳ. ಎರಡನೇ ಸಲ, ಸರ್ವರಿ. ನಸುಕಿನಿಂದ ಆ ಅಗಸಿ ಇಲ್ಲ. ಇದ ಕಡೀ ನೋಟ ಆಗಿ ಉಳೀತದ ಆಕೀಗಿ."

ಎದ್ದಳು. ಅಂಗಳದ ಮೂಲೆಗೆ ಹೋಗಿ ಬನ್ನಿ ಗಿಡದ ಮುಂದೆ ನಿಂತಳು. ಹೊತ್ತು ಮುಳುಗುತ್ತಿತ್ತು.

"ಹೊತ್ತು ಮುಣುಗೋ ಮುಂದ ಗಿಡಾ ಮುಟ್ಟಬಾರದಂತ ನೀವ ಹೇಳ್ತಿದ್ರಿ. ಮ್ಯಾಲ ಅಮಾಸಿ. ಅದರ ಮ್ಯಾಲ ಯುಗಾದಿಗಿ ಬೇವು ಕೊಡ್ತಾರ, ಬನ್ನಿ ಅಲ್ಲ!"

"ದಸರಾದ್ದು ಬಾಕಿ ಅದ," ಎಂದಳು ಉಮಾದೇವಿ. ಗಿಡಕ್ಕೆ ಕೈಮುಗಿದಳು. "ಯವ್ವಾ, ಹೊತ್ತಲ್ಲದ ಹೊತ್ತಿನ್ಯಾಗ ಮುಟ್ಟಾಕತ್ತೀನಿ, ಹೊಟ್ಟಿಗಿ ಹಾಕ್ಕೊ." ಒಂದು ಕಿರುಟೊಂಗೆ ಮುರಿದಳು. ಮುಳ್ಳು ಬೆರಳಿಗೆ ಚುಚ್ಚಿತು, ಸೀರೆಗೆ ಒರೆಸಿಕೊಂಡಳು.

"ಸಣ್ಣಾಕಿ ಮನಿಗಿ ದೊಡ್ಡಾಕಿ ಬನ್ನಿ ಒಯ್ಯೂದಾ? ಮಂದಿ ನಗತಾರ್ರೀ."

"ಹನ್ನೊಂದು ವರ್ಷ ಡಬ್ಬಿ ನೋಡಿ ನಕ್ಕಾರ. ಇನ್ನೊಂದು ದಿನ ನಗಲಿ."

"ಮತ್ತ ಆಣಿ? ಬಾಯಿ ತೆರದ್ರ ಮುರೀತದಲ್ಲ?"

"ಬಾಯಿ ಯಾಕ ತೆರೀಲಿ? ಕೈ ಅದಾವಲ್ಲ."

ಸರ್ವರಿ ನಗಲು ಹೋಗಿ ಕಣ್ಣೊರೆಸಿಕೊಂಡಳು. "ಏಳರ ಬಸ್ ಅದ ದೇವದುರ್ಗಕ್ಕ. ನಡೀರಿ, ತಪ್ಪತದ."

ಉಮಾದೇವಿ ಒಳಗೆ ಬಂದು ಚಾಪೆ ಸುತ್ತಿ ಸರ್ವರಿಯ ಕೈಗಿಟ್ಟಳು. ಬರಿಗೋಡೆಗಳ ನಡುವೆ ಒಂದು ಸುತ್ತು ತಿರುಗಿದಳು. ಸತ್ತ ಡಬ್ಬಿಯನ್ನು ಕೈಚೀಲಕ್ಕೆ ಹಾಕಿದಳು: ತಂಗಿಯ ನೀಲಿ ಡಬ್ಬಿಯ ಚಾರ್ಜರ್ ಇದಕ್ಕೂ ಹೊಂದುತ್ತದೆ ಎಂಬುದು ಆಗ ನೆನಪಾಯಿತು. ಬನ್ನಿ ಟೊಂಗೆಯನ್ನು ಮಾತ್ರ ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದಳು. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಸರ್ವರಿಗೆ ಕೊಟ್ಟಳು.

ಕರೆಂಟು ಬಂತು. ಸಾಲಿನ ಮನೆಗಳಲ್ಲೆಲ್ಲ ಒಮ್ಮೆಗೇ ದೀಪ ಹತ್ತಿದವು, ಅವಳ ಮನೆಯೊಂದು ಬಿಟ್ಟು. ಉಮಾದೇವಿ ತಿರುಗಿ ನೋಡಲಿಲ್ಲ. ಮಾನ್ವಿಯ ಕಡೆಗಲ್ಲ, ದೇವದುರ್ಗದ ಬಸ್ಸಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದಳು.