ಬಿ, ಒಂದು ಗೀಟು, ಹನ್ನೆರಡು

ಸೇತುರಾಮ ಮೇಷ್ಟ್ರ ಹೊಟ್ಟೆಯ ಮುಕ್ಕಾಲು ಪಾಲನ್ನು 1973ರಲ್ಲಿ ಆಪರೇಷನ್ ಮಾಡಿ ತೆಗೆದರು. ಹುಣ್ಣು ರಕ್ತ ಕಾರಿಸುವ ಮಟ್ಟಕ್ಕೆ ಹೋಗಿತ್ತು, ಬೇರೆ ದಾರಿ ಇರಲಿಲ್ಲ. ಹೊಟ್ಟೆ ಕಾಲು ಭಾಗಕ್ಕಿಳಿದರೂ ಹೊಟ್ಟೆಪಾಡು ಇಡಿಯಾಗಿಯೇ ಉಳಿಯಿತು: ರಾಜಾಜಿನಗರದಲ್ಲಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ, ಆರು ಯಂತ್ರಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್.

ಮೇಷ್ಟ್ರಿಗೆ ಎರಡು ನಿಯಮಗಳಿದ್ದವು. ಟೈಪು ಮಾಡುವವರು ಕೀಲಿಗಳನ್ನು ನೋಡಬಾರದು. ಅದಕ್ಕಾಗಿ ಪ್ರತಿ ಯಂತ್ರಕ್ಕೂ ರಟ್ಟಿನ ಮುಸುಕು. ಇನ್ನೊಂದು, ಕೈಬರಹವನ್ನು ನಂಬಬಾರದು. ಅವರ ಮನೆಯಲ್ಲಿ ದಿನಸಿ ಚೀಟಿಯೂ ಟೈಪಾಗಿಯೇ ಅಂಗಡಿಗೆ ಹೋಗುತ್ತಿತ್ತು. ಆಸ್ಪತ್ರೆಯವರು ಗೀಚಿ ಕೊಟ್ಟ ಔಷಧಿ ಚೀಟಿಯನ್ನು, ಹೊಲಿಗೆ ಬಿಚ್ಚಿಸಿಕೊಂಡು ಬಂದ ಮರುದಿನವೇ ಅಂದವಾಗಿ ಟೈಪು ಮಾಡಿದರು. ಎಡಕ್ಕೆ ಮಾತ್ರೆಯ ಹೆಸರು, ನಡುವೆ ಗೀಟು, ಬಲಕ್ಕೆ ತಿಂಗಳಿಗೆ ಎಷ್ಟೆಂಬ ಲೆಕ್ಕ. ಕಬ್ಬಿಣ – 30. ಕ್ಯಾಲ್ಸಿಯಂ – 30. ಬಿ – 12.

ತಿಂಗಳು ತಿಂಗಳೂ ಆ ಹಾಳೆ ನೋಡಿ ಔಷಧಿ ಅಂಗಡಿಯ ಅಂಜಿನಯ್ಯ ಹನ್ನೆರಡು ಬಿ ಕಾಂಪ್ಲೆಕ್ಸ್ ಮಾತ್ರೆ ಎಣಿಸಿ ಕೊಡುತ್ತಿದ್ದ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಬಾಯಲ್ಲಿ ಹೇಳಿದ್ದರು. ಅದು ಟೈಪಾಗಲಿಲ್ಲ, ಹಾಗಾಗಿ ನೆನಪಲ್ಲೂ ಉಳಿಯಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಪಾದಗಳಿಗೆ ಜೋಮು ಹಿಡಿಯಿತು. ಒಂದು ಸಂಜೆ ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದದ್ದು ಅವರಿಗೆ ಮನೆ ಬಾಗಿಲಲ್ಲಿ ತಿಳಿಯಿತು.

"ಕಾಲು ಕೈಕೊಟ್ಟಿತು ಕಣೇ" ಎಂದರು.

ಹೆಂಡತಿ ಅಲಮೇಲು ನಗಲಿಲ್ಲ. "ಡಾಕ್ಟರ ಹತ್ರ ಒಂದ್ಸಲ ಹೋಗಿಬನ್ನಿ ಅಂದ್ರೆ."

"ವಿಟಮಿನ್ ತಗೋತಾನೇ ಇದೀನಲ್ಲ."

ಅಂಜಿನಯ್ಯನ ಸಲಹೆಯಂತೆ ಒಂದು ಟಾನಿಕ್ಕು ಬಂತು. ಅದು ಹಿಡಿಸಲಿಲ್ಲವೆಂದು ಇನ್ನೊಂದು ಬಂತು. ಮೂರನೆಯದನ್ನು ಮೇಷ್ಟ್ರು ಸೀಸೆಯ ಮೇಲಿನ ಅಚ್ಚು ಚೆನ್ನಾಗಿದೆ ಎಂದೇ ಆರಿಸಿದರು.

ಜೋಮು ಕೈಗೇರಿತು. ಒಂದು ಬೆಳಿಗ್ಗೆ, ಕಲಿಯಲು ಬರುತ್ತಿದ್ದ ಕಾಮಾಕ್ಷಿಪಾಳ್ಯದ ಪ್ರಭಾಗೆ ಇಂಗ್ಲಿಷ್ ಪತ್ರದ ಮಾದರಿಯನ್ನು ಹೊಡೆದು ತೋರಿಸಿದರು. ಅವಳು ಹಾಳೆ ನೋಡಿ ತಡವರಿಸಿದಳು.

"ಸಾರ್, ಡಿಯರ್ ಸರ್ ಅನ್ನೋ ಕಡೆ ಸಿಟ್ ಅಂತ ಬಿದ್ದಿದೆ."

"ಹೇಳಿದ ಮೇಲೆ ಕೂತ್ಕೋಬಾರದೇನಮ್ಮ?"

ಹುಡುಗಿಯರು ನಕ್ಕರು. ಮೇಷ್ಟ್ರು ಮಾತ್ರ ತಮ್ಮ ಬೆರಳನ್ನೇ ನೋಡುತ್ತಿದ್ದರು. ಅದು ಪಕ್ಕದ ಕೀಲಿಗೆ ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮೂವತ್ತು ವರ್ಷ ಕಣ್ಣಿನ ಕೆಲಸ ಮಾಡಿದ ಬೆರಳುಗಳು ಈಗ ಕುರುಡಾಗಿದ್ದವು. ಬೆರಳಿಲ್ಲದೆ ಬೆರಳಚ್ಚು ಮೇಷ್ಟ್ರು ಯಾತಕ್ಕೆ?

ಅಲಮೇಲು ಜೊತೆಗೇ ಹೊರಟರು. ಡಾಕ್ಟರ್ ಬಸವಲಿಂಗಪ್ಪ ರಕ್ತ ತೆಗೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು.

"ಕೆಂಪು ಕಣ ಇರಬೇಕಾದ್ದಕ್ಕಿಂತ ದೊಡ್ಡದಾಗಿವೆ, ಮೇಷ್ಟ್ರೇ."

"ಎಲ್ಲಾ ಕ್ಯಾಪಿಟಲ್ ಲೆಟರು ಅನ್ನಿ. ಶಿಫ್ಟ್ ಕೀ ಸಿಕ್ಕಿಕೊಂಡಿದೆ."

"ಬಿ ಟ್ವೆಲ್ವ್ ತಗೋತಾ ಇದ್ದೀರಾ?"

"ತಪ್ಪದೆ. ತಿಂಗಳಿಗೆ ಹನ್ನೆರಡೂ ನುಂಗ್ತೀನಿ."

ಡಾಕ್ಟರು ತಲೆಯೆತ್ತಿದರು. ಮೇಷ್ಟ್ರು ಜೇಬಿನಿಂದ ಟೈಪು ಮಾಡಿದ ಹಾಳೆ ಕೊಟ್ಟರು. ಡಾಕ್ಟರು ಅದನ್ನು ಎರಡು ಸಲ ಓದಿ, "ಅಸಲು ಚೀಟಿ ಇದೆಯಾ?" ಎಂದರು.

ಅದನ್ನು ಹರಿದು ಹಾಕಿದ್ದೇನೆಂದು ಮೇಷ್ಟ್ರು ಹೇಳುವಷ್ಟರಲ್ಲಿ ಅಲಮೇಲು ಚೀಲದಿಂದ ಅದೇ ಚೀಟಿ ತೆಗೆದರು. ಎರಡು ತುಂಡು, ಅನ್ನದ ಅಗುಳಿನಿಂದ ಅಂಟಿಸಿದ್ದು. "ಡಾಕ್ಟರು ಬರೆದದ್ದು, ಬಿಸಾಕೋದು ಹೇಗೆ ಅಂತ ಇಟ್ಕೊಂಡಿದ್ದೆ."

ಅದರಲ್ಲಿ 'ಬಿ 12' ಒಂದೇ ಪದ. ಗೀಟು ಇರಲಿಲ್ಲ. ಅದರ ಎಡಕ್ಕೆ ಮೇಷ್ಟ್ರು ಶಾಯಿಯ ಚಿತ್ತೆಂದು ಬಿಟ್ಟದ್ದು 'ಇಂಜೆಕ್ಷನ್' ಎಂಬುದರ ಮೊದಲ ಮೂರು ಇಂಗ್ಲಿಷ್ ಅಕ್ಷರ.

"ಹನ್ನೆರಡು ಅನ್ನೋದು ಲೆಕ್ಕ ಅಲ್ಲ, ಆ ವಿಟಮಿನ್ನಿನ ಹೆಸರು" ಎಂದರು ಡಾಕ್ಟರು. "ಅದನ್ನ ಊಟದಿಂದ ಹೀರಿಕೊಳ್ಳೋಕೆ ಬೇಕಾದ ಭಾಗಾನೇ ಕತ್ತರಿಸಿ ತೆಗೆದಿದ್ದಾರೆ. ಮಾತ್ರೆ, ಟಾನಿಕ್ಕು ಎಷ್ಟು ತಗೊಂಡರೂ ಅಷ್ಟೇ. ಸೂಜಿನೇ ಆಗಬೇಕು, ಸಾಯೋತನಕ. ರಕ್ತಾನೂ ತೋರಿಸ್ತಾ ಇರಬೇಕು."

"ಬೆರಳು ಬರುತ್ತಾ?"

"ರಕ್ತ ಬೇಗ ಸರಿಹೋಗುತ್ತೆ. ನರ... ನಾಲ್ಕು ವರ್ಷ ಆಯ್ತಲ್ಲ. ಇಷ್ಟು ಬರುತ್ತೆ ಅಂತ ಹೇಳೋಕಾಗಲ್ಲ."

ಬರುವಾಗ ಬಸ್ ನಿಲ್ದಾಣದಲ್ಲಿ ಅಲಮೇಲು ಬೈಯುತ್ತಾರೆಂದು ಮೇಷ್ಟ್ರು ಕಾದರು. ಅವರು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಗೀಟು ನಾನೇ ಹಾಕಿದ್ದು" ಎಂದರು.

"ಗೊತ್ತು. ಬಸ್ಸು ಬಂತು, ಕಾಲು ನೋಡಿ ಇಡಿ."

ಮೂರು ತಿಂಗಳ ಸೂಜಿಯಾದ ಮೇಲೆ ಪಾದಕ್ಕೆ ನೆಲದ ತಣುಪು ಕೊಂಚ ತಿಳಿಯತೊಡಗಿತು. ಬೆರಳಿಗೆ ಏನೂ ತಿಳಿಯಲಿಲ್ಲ. ಒಂದು ದಿನ ಕಣ್ಣು ಮುಚ್ಚಿ 'ಡಿಯರ್ ಸರ್' ಹೊಡೆದು, ಪ್ರಭಾಗೆ ಓದು ಎಂದರು.

ಅವಳು ಹಾಳೆ ನೋಡಿದಳು. ಆಮೇಲೆ ಅದರಲ್ಲಿ ಬಿದ್ದಿದ್ದಂತೆಯೇ ಕುಳಿತುಕೊಂಡಳು.

ಮೇಷ್ಟ್ರು ತಮ್ಮ ಯಂತ್ರದ ರಟ್ಟಿನ ಮುಸುಕನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೂವತ್ತು ವರ್ಷದಲ್ಲಿ ಮೊದಲ ಸಲ ಕೀಲಿಗಳ ಕಡೆ ಬಗ್ಗಿ, ಒಂದೊಂದನ್ನೇ ಹುಡುಕಿದರು.

"ನೋಡಿ ಹೊಡೆಯೋನು ನಾನೊಬ್ಬನೇ" ಎಂದರು ತಲೆಯೆತ್ತದೆ. "ನೀವ್ಯಾರೂ ನೋಡಕೂಡದು."